ಟಿಂಡೇಲ್: ಒಂದು ಕಣಿವೆ, ಒಂದು ಮನೆತನ, ಎರಡು ಹೆಸರು

ಇಂಗ್ಲಿಷ್ ಸತ್ಯವೇದದ ಚರಿತ್ರೆಯನ್ನು ಬಲ್ಲವರಿಗೆ ವಿಲಿಯಂ ಟಿಂಡೇಲರು ಚಿರಪರಿಚಿತರು. ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ಅನುವಾದಿಸಿ, 1526ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚು ಹಾಕಿಸಿದವರು ಅವರು. ಆದರೆ ಅವರ ಕುಲನಾಮದ ಕಥೆ ನಿಮಗೆ ಗೊತ್ತೇ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಟೈನ್ ಎಂಬ ನದಿ ಹರಿಯುತ್ತದೆ. ‘ಡೇಲ್’ ಎಂದರೆ ಕಣಿವೆ. ಟೈನ್ ಕಣಿವೆಯಿಂದ ಬಂದವನೇ ಟಿಂಡೇಲ್. ಕಣಿವೆಯಲ್ಲೇ ಉಳಿದವರಿಗೆ ಈ ಹೆಸರಿನ ಅಗತ್ಯವಿರಲಿಲ್ಲ. ಅಲ್ಲಿ ಎಲ್ಲರೂ ಆ ಕಣಿವೆಯವರೇ. ಊರು ಬಿಟ್ಟು ಹೋದವನನ್ನು ಹೊಸ ನೆರೆಹೊರೆಯವರು ಅವನ ಸೀಮೆಯ ಹೆಸರಿನಿಂದ ಗುರುತಿಸಿದರು. ನಮ್ಮಲ್ಲಿಯೂ ಎಷ್ಟೋ ಮಂದಿಯ ಹೆಸರಿನ ಮೊದಲಕ್ಷರದಲ್ಲಿ ಹಿರಿಯರು ಬಿಟ್ಟು ಬಂದ ಊರು ಅಡಗಿದೆಯಲ್ಲವೇ? ಹೀಗೆ ಚದುರಿದ ಹೆಸರು ಯಾರ್ಕ್‌ಷೈರ್ ಮುಂತಾದ ಕಡೆ ಟಿಂಡಾಲ್ ಎಂದು ಬೇರೂರಿತು. ಐರ್ಲೆಂಡಿನಲ್ಲಿ 1820ರಲ್ಲಿ ಜನಿಸಿದ ವಿಜ್ಞಾನಿ ಜಾನ್ ಟಿಂಡಲ್ ಅವರ ಹೆಸರೂ ಇದರ ಇನ್ನೊಂದು ರೂಪವೇ. ಟಿಂಡೇಲ್ ಎಂಬ ಹಳೆಯ ರೂಪ ಮಾತ್ರ ಇಂದಿಗೂ ವಿರಳ.

ಅನುವಾದಕರ ಮನೆತನ ನೆಲೆಸಿದ್ದು ದೂರದ ಗ್ಲಾಸ್ಟರ್‌ಷೈರಿನಲ್ಲಿ. ಅಲ್ಲಿ ಅವರಿಗೆ ‘ಹಚಿನ್ಸ್’ ಎಂಬ ಮತ್ತೊಂದು ಹೆಸರಿತ್ತು. ಉತ್ತರದ ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ಪೂರ್ವಜನೊಬ್ಬನು ತಲೆಮರೆಸಿಕೊಳ್ಳಲು ಆ ಹೆಸರನ್ನು ಧರಿಸಿದನೆಂಬುದು ಮನೆತನದ ಐತಿಹ್ಯ. ವಿಲಿಯಂ ಅವರು 1512ರಲ್ಲಿ ಆಕ್ಸ್‌ಫರ್ಡಿನಲ್ಲಿ ಪದವಿ ಪಡೆದದ್ದೂ ಹಚಿನ್ಸ್ ಎಂಬ ಹೆಸರಿನಲ್ಲಿಯೇ.

ಪೂರ್ವಜನಂತೆ ಅವರೂ ಹೆಸರನ್ನು ಮರೆಮಾಡಬೇಕಾಯಿತು. 1526ರ ಹೊಸ ಒಡಂಬಡಿಕೆಯಲ್ಲಿ ಅನುವಾದಕನ ಹೆಸರೇ ಇರಲಿಲ್ಲ. ಆದರೆ 1528ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಅವರು ತಮ್ಮ ಎರಡೂ ಹೆಸರುಗಳನ್ನು ಬಹಿರಂಗವಾಗಿ ಮುದ್ರಿಸಿದರು. ಅದು ಪ್ರಾಣಕ್ಕೇ ಸಂಚಕಾರ ತರಬಲ್ಲ ಧೈರ್ಯವಾಗಿತ್ತು. 1535ರಲ್ಲಿ ಆಂಟ್ವರ್ಪಿನಲ್ಲಿ ಮಿತ್ರನಂತೆ ನಟಿಸಿದವನೊಬ್ಬನು ಅವರನ್ನು ಹಿಡಿದುಕೊಟ್ಟನು. ಸೆರೆಮನೆಯಿಂದ ಅವರು ಬರೆದ ಒಂದು ಪತ್ರ ಇಂದಿಗೂ ಉಳಿದಿದೆ. ಚಳಿಗೆ ಬೆಚ್ಚನೆಯ ಟೋಪಿ, ಕತ್ತಲೆಗೆ ದೀಪ, ಎಲ್ಲಕ್ಕಿಂತ ಮಿಗಿಲಾಗಿ ಹೀಬ್ರೂ ಸತ್ಯವೇದ ಬೇಕೆಂದು ಕೇಳಿ, ಕೆಳಗೆ ಟಿಂಡೇಲ್ ಎಂಬುದರ ಲ್ಯಾಟಿನ್ ರೂಪದಲ್ಲಿ ರುಜು ಹಾಕಿದ್ದಾರೆ. 1536ರಲ್ಲಿ ಅವರನ್ನು ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟರು.

ಅವರು ಅವಿವಾಹಿತರು, ಹೆಸರು ಹೇಳಲು ಮಕ್ಕಳಿರಲಿಲ್ಲ. ಆದರೆ 1611ರ ಇಂಗ್ಲಿಷ್ ಸತ್ಯವೇದದಲ್ಲಿ, ವಿಶೇಷವಾಗಿ ಹೊಸ ಒಡಂಬಡಿಕೆಯಲ್ಲಿ, ಅವರ ಮಾತುಗಳೇ ಹೆಚ್ಚಾಗಿ ಉಳಿದವು.

ಅವರು ಮರಣಿಸಿದ ಎರಡೇ ವರ್ಷಗಳಲ್ಲಿ, 1538ರಲ್ಲಿ, ಇಂಗ್ಲೆಂಡಿನ ಪ್ರತಿಯೊಂದು ಸಭೆಯೂ ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿಗಳನ್ನು ದಾಖಲಿಸಬೇಕೆಂಬ ಆಜ್ಞೆ ಹೊರಟಿತು. ಸಾಮಾನ್ಯ ಮನೆತನಗಳ ಜಾಡು ಇಂದು ಸಿಗುವುದು ಬಹುಮಟ್ಟಿಗೆ ಆ ಪುಸ್ತಕಗಳಿಂದಲೇ.

ನಮ್ಮ ಸಭೆಗಳಲ್ಲಿಯೂ ಅಂತಹ ದಾಖಲೆ ಪುಸ್ತಕಗಳಿವೆ. ಪ್ರಿಯರೇ, ನಿಮ್ಮ ಅಜ್ಜ ಅಜ್ಜಿಯರ ಹೆಸರುಗಳನ್ನು ಅಲ್ಲಿ ಎಂದಾದರೂ ಹುಡುಕಿದ್ದೀರಾ? ಅವರು ಯಾವ ಊರು ಬಿಟ್ಟು ಬಂದರು, ಏಕೆ ಬಂದರು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ನಂಬುವ ನಾವು, ನಮ್ಮವರ ಹೆಸರುಗಳನ್ನು ಮರೆಯಬಹುದೇ?