ಬಿಸಿಲು, ಚಳಿಗೆ ಚಿಕ್ಕ ವಿಮಾನದ ಹೈಡ್ರಾಲಿಕ್ ಚಕ್ರ ಕೈಕೊಡುತ್ತದೆಯೇ? ನಿಜ ಎಷ್ಟು, ಸುಳ್ಳು ಎಷ್ಟು?

ಹೈಡ್ರಾಲಿಕ್ ಬಗ್ಗೆ ಎರಡು ಮಾತುಗಳನ್ನು ನೀವು ಕೇಳಿರಬಹುದು. ಒಂದು: "ಎಣ್ಣೆಯನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ಅದಕ್ಕೆ ಬಿಸಿಲೂ ಒಂದೇ, ಚಳಿಯೂ ಒಂದೇ." ಇನ್ನೊಂದು ಇದಕ್ಕೆ ತದ್ವಿರುದ್ಧ: "ಬಿಸಿಲಲ್ಲಿ ನಿಂತ ವಿಮಾನದ ಎಣ್ಣೆ ಪೈಪು ಸಿಡಿಯುತ್ತದೆ, ಮೇಲೆ ಹೋದರೆ ಎಣ್ಣೆ ಹೆಪ್ಪುಗಟ್ಟಿ ಚಕ್ರ ಇಳಿಯುವುದೇ ಇಲ್ಲ."

ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧ ಏನೆಂದು ನೋಡೋಣ.

ಯಾವ ವಿಮಾನಗಳ ಮಾತು ಇದು?

ಅಮೆರಿಕ, ಯುರೋಪಿನಂಥ ಕಡೆ ಹವ್ಯಾಸಿಗಳು ಕಿಟ್ ತಂದು ತಮ್ಮ ಗ್ಯಾರೇಜಿನಲ್ಲೇ ವಿಮಾನ ಕಟ್ಟುವುದುಂಟು. ಅಮೆರಿಕದ ನಿಯಮದ ಪ್ರಕಾರ ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಮಾಡಿರಬೇಕು. ಇದನ್ನೇ ಜನ "51 ಶೇಕಡಾ ನಿಯಮ" ಎನ್ನುತ್ತಾರೆ.

ಇಂಥ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಹೈಡ್ರಾಲಿಕ್ ಚಕ್ರ ಇರುವುದೇ ಇಲ್ಲ. ತುಂಬ ಜನಪ್ರಿಯವಾದ ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯಲ್ಲಿ ಚಕ್ರಗಳು ಸದಾ ಹೊರಗೇ ಇರುತ್ತವೆ. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಜಿಯಲ್ಲಿ ಮುಂದಿನ ಚಕ್ರವನ್ನು ಕೈಯಿಂದ ಹಿಡಿಕೆ ತಿರುಗಿಸಿ ಮಡಚುತ್ತಾರೆ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ 1980ರ ದಶಕದಲ್ಲಿ ಸಂಶೋಧನೆಗಾಗಿ ಕಟ್ಟಿ ಹಾರಿಸಿದ ಪುಟ್ಟ ಕೆನಾರ್ಡ್ ವಿಮಾನಕ್ಕೆ ಆಧಾರವಾಗಿದ್ದು ಇದೇ ಲಾಂಗ್-ಈಜಿ.

ವೇಗಕ್ಕೆಂದೇ ಮಾಡಿದ ಕೆಲವು ಕಿಟ್ ವಿಮಾನಗಳ ಕಥೆ ಬೇರೆ. ಲ್ಯಾಂಕೈರ್ 320 ಮತ್ತು 360 ಒಳ್ಳೆಯ ಉದಾಹರಣೆ. ಇವುಗಳಲ್ಲಿ ಮೂರೂ ಚಕ್ರ ಒಳಗೆ ಮಡಚಿಕೊಳ್ಳುತ್ತವೆ. ಆ ಕೆಲಸ ಮಾಡುವುದು ಬ್ಯಾಟರಿಯಿಂದ ಓಡುವ ಚಿಕ್ಕ ಪಂಪು, ಒಂದಿಷ್ಟು ಎಣ್ಣೆ, ಕೆಲವು ಸಿಲಿಂಡರುಗಳು. ಟಿಪ್ಪರ್ ಲಾರಿಯ ಡಬ್ಬ ಎತ್ತುವ ಜಾಕಿನ ತತ್ವವೇ ಇಲ್ಲೂ ಇದೆ, ಗಾತ್ರ ಮಾತ್ರ ಚಿಕ್ಕದು.

ಬಿಸಿಯಾದರೆ ಎಣ್ಣೆಗೆ ಏನಾಗುತ್ತದೆ?

ಕಾಯಿಸಿದರೆ ಎಣ್ಣೆ ಹಿಗ್ಗುತ್ತದೆ. ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮಿಲ್-ಎಚ್-5606 ಎಂಬ ಕೆಂಪು ಬಣ್ಣದ ಖನಿಜ ಎಣ್ಣೆ. ಇಂಥ ಎಣ್ಣೆ ಪ್ರತಿ 1 ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಗಾತ್ರದ ಸುಮಾರು ಶೇ. 0.08ರಷ್ಟು ಹಿಗ್ಗುತ್ತದೆ. ಕೇಳಲು ಅಲ್ಪ. ಆದರೆ 1 ಲೀಟರ್ ಎಣ್ಣೆ 50 ಡಿಗ್ರಿ ಬಿಸಿಯಾದರೆ ಸುಮಾರು 40 ಮಿಲಿ ಹೆಚ್ಚಾಗುತ್ತದೆ. ಅದನ್ನು ಹಿಡಿದಿಟ್ಟ ಅಲ್ಯೂಮಿನಿಯಂ ಪೈಪಿನ ಒಳಜಾಗ ಹಿಗ್ಗುವುದು ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ತೆರೆದ ಪಾತ್ರೆಯಲ್ಲಾದರೆ ಎಣ್ಣೆ ಸ್ವಲ್ಪ ಮೇಲೇರುತ್ತದೆ, ಅಷ್ಟೇ. ಎರಡೂ ಕಡೆ ವಾಲ್ವ್ ಮುಚ್ಚಿದ ಪೈಪಿನಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ. ಆಗ ಒತ್ತಡ ಏರುತ್ತದೆ. ಪೈಪು ಸ್ವಲ್ಪವೂ ಹಿಗ್ಗದು ಎಂದು ಲೆಕ್ಕ ಹಾಕಿದರೆ ಪ್ರತಿ 1 ಡಿಗ್ರಿಗೆ ಸುಮಾರು 150 ಪಿಎಸ್‌ಐ ಏರಬೇಕು. ಕಾರಿನ ಟೈರಿನಲ್ಲಿ ಇರುವುದು 30ರಿಂದ 35 ಪಿಎಸ್‌ಐ ಎಂದರೆ ಅಂದಾಜು ಸಿಗುತ್ತದೆ. ವಾಸ್ತವದಲ್ಲಿ ಮೆದುಗೊಳವೆ, ಸೀಲುಗಳು ಸ್ವಲ್ಪ ಎಳೆದುಕೊಳ್ಳುವುದರಿಂದ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಕಡೆಗಣಿಸುವಷ್ಟಲ್ಲ.

"ಎಣ್ಣೆ ಕುಗ್ಗುವುದಿಲ್ಲ, ಹಾಗಾಗಿ ಉಷ್ಣತೆ ತಟ್ಟದು" ಎಂಬ ವಾದ ತಲೆಕೆಳಗಾಗುವುದು ಇಲ್ಲೇ. ಸುಲಭವಾಗಿ ಕುಗ್ಗದ ವಸ್ತು ಆದ್ದರಿಂದಲೇ ಸಣ್ಣ ಉಷ್ಣತೆಯ ವ್ಯತ್ಯಾಸಕ್ಕೂ ಅದರ ಒತ್ತಡ ಅಷ್ಟೊಂದು ಬದಲಾಗುತ್ತದೆ.

ಹಾಗಾದರೆ ಬಿಸಿಲಲ್ಲಿ ಪೈಪು ಸಿಡಿಯುತ್ತದೆಯೇ?

ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಇಲ್ಲ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ನೆನಪಿಸಿಕೊಳ್ಳಿ. ಇಲ್ಲೂ ಅಂಥದೇ ಥರ್ಮಲ್ ರಿಲೀಫ್ ವಾಲ್ವ್ ಇರುತ್ತದೆ. ಒತ್ತಡ ಮಿತಿ ಮೀರಿದರೆ ಅದು ಕೆಲವು ಹನಿ ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ. ಇಂಥ ವ್ಯವಸ್ಥೆಗೆ ಕೆಲವು ಹನಿ ಹೊರಹೋದರೆ ಸಾಕು, ಒತ್ತಡ ಕೂಡಲೇ ಇಳಿಯುತ್ತದೆ.

ಅಪಾಯ ಬರುವುದು ಕಟ್ಟುವವರು ಆ ವಾಲ್ವ್ ಹಾಕದೆ ಬಿಟ್ಟಾಗ, ತಪ್ಪು ಜಾಗದಲ್ಲಿ ಹಾಕಿದಾಗ, ಅಥವಾ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದಾಗ. ಹಿಗ್ಗಿ ಬಂದ ಎಣ್ಣೆಗೆ ಟ್ಯಾಂಕಿನಲ್ಲಿ ಜಾಗ ಇರಲೇಬೇಕು.

ಮೇಲೇರಿದಾಗ ಪಂಪು ತಾನಾಗಿ ಓಡುವುದೇಕೆ?

ಪೈಲಟ್‌ಗಳನ್ನು ಹೆಚ್ಚು ಗಾಬರಿಗೊಳಿಸುವುದು ಇದು. ಲ್ಯಾಂಕೈರ್ 320, 360ರಂಥ ವಿಮಾನದಲ್ಲಿ ಮಡಚಿದ ಚಕ್ರವನ್ನು ಮೇಲೆ ಹಿಡಿದಿಡಲು ಕೊಕ್ಕೆ ಇಲ್ಲ, ಎಣ್ಣೆಯ ಒತ್ತಡವೇ ಹಿಡಿದಿರುತ್ತದೆ. ಒತ್ತಡ ಇಳಿದರೆ ಪ್ರೆಷರ್ ಸ್ವಿಚ್ ಪಂಪನ್ನು ಚಾಲೂ ಮಾಡುತ್ತದೆ.

ಎತ್ತರ ಏರಿದಂತೆ ಗಾಳಿ ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ. ನೆಲದಲ್ಲಿ 35 ಡಿಗ್ರಿ ಇದ್ದರೆ 10,000 ಅಡಿಯಲ್ಲಿ ಸುಮಾರು 15. ಎಣ್ಣೆ 20 ಡಿಗ್ರಿ ತಣಿದು ಶೇ. 1.6ರಷ್ಟು ಕುಗ್ಗುತ್ತದೆ. ಒತ್ತಡ ಇಳಿಯುತ್ತದೆ. ಪಂಪು ಒಂದೆರಡು ಸೆಕೆಂಡು ಓಡಿ ಮತ್ತೆ ಒತ್ತಡ ತುಂಬಿಸುತ್ತದೆ. ಇದು ದೋಷವಲ್ಲ, ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಬಿಸಿಲಲ್ಲಿ ನಿಂತು ರಾತ್ರಿ ತಣಿದ ವಿಮಾನದಲ್ಲಿ ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಪಂಪು ಒಮ್ಮೆ ಗುರ್ ಎನ್ನುವುದಕ್ಕೂ ಇದೇ ಕಾರಣ.

ಆದರೆ ಪಂಪು ಓಡಿದ್ದಕ್ಕೆಲ್ಲ ಚಳಿಯೇ ಕಾರಣ ಎಂದುಕೊಳ್ಳುವುದೂ ತಪ್ಪು. ವ್ಯತ್ಯಾಸ ಹೀಗೆ ಗುರುತಿಸಬಹುದು:

• ಮೇಲೇರುವಾಗ ಕೆಲವು ಸಲ ಓಡಿ, ಒಂದೇ ಎತ್ತರದಲ್ಲಿ ಹಾರತೊಡಗಿದ ಮೇಲೆ ನಿಂತರೆ ಅದು ಉಷ್ಣತೆಯ ಪರಿಣಾಮ.

• ಒಂದೇ ಎತ್ತರದಲ್ಲಿ ಹಾರುವಾಗಲೂ ಕೆಲವು ನಿಮಿಷಕ್ಕೊಮ್ಮೆ ಓಡುತ್ತಿದ್ದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಎಲ್ಲೋ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಹೊರಗೆ ಒಂದು ಹನಿ ಕಾಣದಿದ್ದರೂ ಒಳಗೊಳಗೇ ಸೋರಬಹುದು.

• ಖಚಿತಪಡಿಸಿಕೊಳ್ಳಲು ಹ್ಯಾಂಗರಿನಲ್ಲಿ ವಿಮಾನವನ್ನು ಜಾಕ್ ಮೇಲೆ ನಿಲ್ಲಿಸಿ, ಚಕ್ರ ಮಡಚಿ ಕಾಯಬೇಕು. ಅಲ್ಲಿ ಉಷ್ಣತೆ ಬದಲಾಗದು. ಆದರೂ ಪಂಪು ಓಡಿದರೆ ಸೋರಿಕೆ ಇದೆ.

ಚಳಿಯಲ್ಲಿ ಚಕ್ರ ಇಳಿಯುವುದಿಲ್ಲವೇ?

ಮಿಲ್-ಎಚ್-5606 ಎಣ್ಣೆ ಮೈನಸ್ 54 ಡಿಗ್ರಿಯವರೆಗೂ ಬಳಸಲು ತಯಾರಾದದ್ದು. ಚಿಕ್ಕ ವಿಮಾನ ಹಾರುವ ಎತ್ತರದಲ್ಲಿ ಅದು ಹೆಪ್ಪುಗಟ್ಟುವ ಪ್ರಶ್ನೆ ಬರುವುದಿಲ್ಲ. ಆದರೆ ಚಳಿಗೆ ಜೇನುತುಪ್ಪ ಮಂದವಾಗುವಂತೆ ಅದೂ ಮಂದವಾಗುತ್ತದೆ. ಸಣ್ಣ ಪೈಪಿನಲ್ಲಿ ನಿಧಾನಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಕೆಲವೇ ಸೆಕೆಂಡಿನಲ್ಲಿ ಇಳಿಯುವ ಚಕ್ರ ಕಡು ಚಳಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ರಬ್ಬರ್ ಓ-ರಿಂಗುಗಳೂ ಗಡುಸಾಗಿ, ಬೇಸಿಗೆಯಲ್ಲಿ ಸೋರದ ಜಾಗದಲ್ಲಿ ಸೋರಬಹುದು. ಎಣ್ಣೆಗೆ ನೀರು ಸೇರಿದ್ದರೆ ಆ ನೀರು ಮಾತ್ರ ನಿಜಕ್ಕೂ ಮಂಜುಗಟ್ಟುತ್ತದೆ.

ಇಲ್ಲಿ ಜೀವದ ಪ್ರಶ್ನೆ ಇರುವುದು ತುರ್ತು ವ್ಯವಸ್ಥೆಯಲ್ಲಿ. ಪಂಪು ಕೆಟ್ಟರೆ ಪೈಲಟ್ ಒಂದು ವಾಲ್ವ್ ತೆರೆದು ಒತ್ತಡ ಬಿಡುತ್ತಾನೆ, ಚಕ್ರಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತವೆ. ಆದರೆ ಮುಂದಿನ ಚಕ್ರ ಎದುರುಗಾಳಿಯನ್ನು ತಳ್ಳಿಕೊಂಡು ಲಾಕ್ ಆಗಬೇಕು. ಲ್ಯಾಂಕೈರ್‌ನಲ್ಲಿ ಅದಕ್ಕೆ ನೆರವಾಗುವುದು ಒಂದು ಗ್ಯಾಸ್ ಸ್ಪ್ರಿಂಗ್, ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥದು. ಅನಿಲದ ಒತ್ತಡ ಚಳಿಗೆ ಇಳಿಯುತ್ತದೆ: 27 ಡಿಗ್ರಿಯಿಂದ ಮೈನಸ್ 3 ಡಿಗ್ರಿಗೆ ಹೋದರೆ ಶೇ. 10ರಷ್ಟು. ಹಳೆಯದಾಗಿ ಮೊದಲೇ ಬಲ ಕಳೆದುಕೊಂಡ ಸ್ಪ್ರಿಂಗ್ ಇದ್ದರೆ, ಮಂದವಾದ ಎಣ್ಣೆಯ ತಡೆಯೂ ಸೇರಿ, ಚಕ್ರ ಪೂರ್ತಿ ಲಾಕ್ ಆಗದೆ ಉಳಿಯಬಹುದು. ಹಾಗೆ ಇಳಿದರೆ ರನ್‌ವೇಯಲ್ಲಿ ಅದು ಮಡಚಿಕೊಂಡು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಹಾಗಾಗಿ ತುರ್ತು ಇಳಿಸುವಿಕೆಯನ್ನು ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಲದು, ಚಳಿಗಾಲದಲ್ಲೂ ನೋಡಬೇಕು.

ಒತ್ತಡದ ಏರಿಳಿತ ತಗ್ಗಿಸಲು ಕೆಲವರು ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಹಾಕುತ್ತಾರೆ. ಎಣ್ಣೆ ಕುಗ್ಗಿದಾಗ ಅನಿಲ ಹಿಗ್ಗಿ ಆ ಜಾಗ ತುಂಬುತ್ತದೆ, ಪಂಪು ಪದೇ ಪದೇ ಓಡುವುದು ತಪ್ಪುತ್ತದೆ. ಆದರೆ ಅದರೊಳಗಿನ ಅನಿಲಕ್ಕೂ ಮೇಲಿನ ಶೇ. 10ರ ಲೆಕ್ಕವೇ ಅನ್ವಯ. ಅದನ್ನು ಯಾವ ಉಷ್ಣತೆಯಲ್ಲಿ ತುಂಬಿಸಿದ್ದು ಎಂದು ಬರೆದಿಡುವುದು ಒಳ್ಳೆಯದು.

ಕಾರಿನ ಬ್ರೇಕ್ ಆಯಿಲ್ ಹಾಕಬಹುದೇ?

ಖಂಡಿತ ಬೇಡ. ಕಾರಿನ ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಆಧಾರಿತ. ಖನಿಜ ಎಣ್ಣೆಗೆಂದು ಹಾಕಿದ ನೈಟ್ರೈಲ್ ರಬ್ಬರ್ ಸೀಲುಗಳನ್ನು ಅದು ಹಾಳುಮಾಡುತ್ತದೆ. ಖನಿಜ ಎಣ್ಣೆಯನ್ನು ಕಾರಿನ ಬ್ರೇಕಿಗೆ ಹಾಕಿದರೂ ಇದೇ ಗತಿ, ಅಲ್ಲಿನ ರಬ್ಬರ್ ಉಬ್ಬಿಕೊಳ್ಳುತ್ತದೆ. ನಿಮ್ಮ ಕಾರು, ಬೈಕಿಗೂ ಅನ್ವಯವಾಗುವ ಮಾತಿದು: ಡಬ್ಬದ ಮೇಲೆ ಬರೆದದ್ದನ್ನೇ ಹಾಕಿ.

ನಾವು ಹತ್ತುವ ದೊಡ್ಡ ವಿಮಾನಕ್ಕೂ ಈ ಭಯ ಇದೆಯೇ?

ಪ್ರಯಾಣಿಕ ವಿಮಾನಗಳ ವ್ಯವಸ್ಥೆ ಬೇರೆ. ಅಲ್ಲಿ ಒತ್ತಡ ಸಾಮಾನ್ಯವಾಗಿ 3,000 ಪಿಎಸ್‌ಐ, ಎಣ್ಣೆಯೂ ಬೆಂಕಿ ಸುಲಭವಾಗಿ ಹಿಡಿಯದ ಬೇರೆ ಬಗೆಯದು. ಮಡಚಿದ ಚಕ್ರವನ್ನು ಲೋಹದ ಕೊಕ್ಕೆಗಳು ಹಿಡಿದಿರುತ್ತವೆ. ಒಂದು ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟರೆ ಬೇರೆ ದಾರಿಗಳೂ ಇರುತ್ತವೆ. ಚಿಕ್ಕ ವಿಮಾನದ ವಿಡಿಯೊ ನೋಡಿ ಊರಿಗೆ ಹೋಗುವ ವಿಮಾನಕ್ಕೆ ಹೆದರಬೇಕಿಲ್ಲ.

ಒಟ್ಟಾರೆ ಹೇಳುವುದಾದರೆ

• "ಹೈಡ್ರಾಲಿಕ್‌ಗೆ ಉಷ್ಣತೆ ತಟ್ಟದು": ಸುಳ್ಳು.

• "ಬಿಸಿಲಿಗೆ ಪೈಪು ಸಿಡಿಯುತ್ತದೆ": ರಿಲೀಫ್ ವಾಲ್ವ್ ಸರಿ ಇದ್ದರೆ ಇಲ್ಲ.

• "ಪಂಪು ತಾನಾಗಿ ಓಡಿದರೆ ಸೋರಿಕೆ": ಕೆಲವೊಮ್ಮೆ ಮಾತ್ರ. ಯಾವಾಗ, ಎಷ್ಟು ಸಲ ಓಡಿತು ಎಂದು ನೋಡಬೇಕು.

• "ಚಳಿಗೆ ಎಣ್ಣೆ ಹೆಪ್ಪುಗಟ್ಟುತ್ತದೆ": ಸರಿಯಾದ ಎಣ್ಣೆ ಹೆಪ್ಪುಗಟ್ಟದು, ಮಂದವಾಗುತ್ತದೆ.

ಮುಂದಿನ ಸಲ ಇಂಥ ಮೆಸೇಜ್ ಬಂದರೆ, ಅದು ಯಾವ ವಿಮಾನದ ಬಗ್ಗೆ ಎಂದು ಮೊದಲು ಕೇಳಿ. ಆಮೇಲೆ ಫಾರ್ವರ್ಡ್ ಮಾಡಬೇಕೇ ಬೇಡವೇ ಎಂದು ನೀವೇ ತೀರ್ಮಾನಿಸಿ.