ಸ್ಟಾರ್ಟ್ ಬಟನ್ ಇಲ್ಲದ ಗಣಕಕ್ಕೆ ಬ್ರಾಡ್‌ಬ್ಯಾಂಡ್

ಮೊನ್ನೆ ಹಿರಿಯೂರಿನ ಮನೆಯ ಅಟ್ಟ ಗುಡಿಸುವಾಗ ಹಳೆಯ ಎಡಿಎಸ್‌ಎಲ್ ಮೋಡೆಮ್ ಒಂದು ಸಿಕ್ಕಿತು. ಅದರ ಬೆನ್ನಿಗೆ ನನ್ನದೇ ಕೈಬರಹದ ಚೀಟಿ: 0/35. ತಂಗಿ ನೋಡಿ, "ಬಿಸಾಕೋ ಅಣ್ಣ" ಅಂದಳು. ಬಿಸಾಕಲು ಮನಸ್ಸು ಬರಲಿಲ್ಲ. ಒಂದು ಕಾಲಕ್ಕೆ ನಮ್ಮ ಮನೆಯ ಅನ್ನ ಈ ಡಬ್ಬದ ಮೂಲಕವೇ ಬರುತ್ತಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ವೇಗ 9.6 ಕೆಬಿಪಿಎಸ್! ಆಮೇಲೆ 56ಕೆ ಮೋಡೆಮ್‌ಗಳು ಬಂದವು, ಆ ಕೀಂಯ್ ಕಿರ್ರ್ ಸದ್ದಿನ ಕಾಲ. ಲಿನಕ್ಸ್ ಬಳಸುವವರ ಪಾಲಿಗೆ ಆ ಕಾಲದ ದೊಡ್ಡ ಶತ್ರುವಿನ ಹೆಸರು ವಿನ್‌ಮೋಡೆಮ್. ಮೋಡೆಮ್ ಮಾಡಬೇಕಾದ ಕೆಲಸದ ಬಹುಪಾಲನ್ನು ಗಣಕದ ಪ್ರೊಸೆಸರ್ ಮೇಲೆ ಹೊರಿಸಿ, ಅದಕ್ಕೆ ಬೇಕಾದ ಡ್ರೈವರನ್ನು ವಿಂಡೋಸ್‌ಗೆ ಮಾತ್ರ ಬರೆದು, ಅಗ್ಗಕ್ಕೆ ಮಾರುತ್ತಿದ್ದ ಕಾರ್ಡುಗಳವು. ಅಸೆಂಬಲ್ ಮಾಡಿಸಿದ ಗಣಕಗಳಲ್ಲೆಲ್ಲ ಅವೇ. ಲಿನಕ್ಸ್ ಬೇಕೆಂದರೆ ಹೊರಗೆ ಇಡುವ ದುಬಾರಿ ಸೀರಿಯಲ್ ಮೋಡೆಮ್ ಕೊಳ್ಳಬೇಕಿತ್ತು. ನಾನು ಕೊಳ್ಳಲಿಲ್ಲ, ಹಾಗಾಗಿ ನನ್ನ ಲಿನಕ್ಸ್ ಬಹಳ ದಿನ ನೆಟ್ ಇಲ್ಲದ ಒಂಟಿ ಲಿನಕ್ಸ್ ಆಗಿತ್ತು.

2006ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ಅನುವಾದದ ಕೆಲಸ ಮನೆಯಿಂದಲೇ ಮಾಡಬಹುದು, ಆದರೆ ಕಡತ ಕಳಿಸಲು ನೆಟ್ ಬೇಕು. ತಂಗಿಯದು ಡಿಟಿಪಿ: ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ. ಅವಳ ಗಣಕದಲ್ಲಿ ವಿಂಡೋಸ್ 98, ನುಡಿ, ಪೇಜ್‌ಮೇಕರ್. ಪ್ರೂಫ್ ಸೀಡಿಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಲಿ ದಾವಣಗೆರೆಯ ಪ್ರೆಸ್ಸಿಗೆ ಕಳಿಸುತ್ತಿದ್ದಳು. ನೆಟ್ ಬಂದರೆ ಇಬ್ಬರಿಗೂ ಊರಲ್ಲೇ ಬದುಕು. ಬರದಿದ್ದರೆ ನಾನು ಮತ್ತೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು, ಅಪ್ಪನನ್ನು ಅವಳೊಬ್ಬಳ ಮೇಲೆ ಬಿಟ್ಟು.

ನನ್ನ ಗಣಕದಲ್ಲಿದ್ದದ್ದು ಉಬುಂಟು 6.06. ಆಗ ಶಿಪ್‌ಇಟ್ ಅಂತ ಒಂದು ಯೋಜನೆ ಇತ್ತು (2011ರಲ್ಲಿ ನಿಂತಿತು), ವಿಳಾಸ ಕೊಟ್ಟರೆ ಸೀಡಿಗಳು ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿದ್ದವು. ನೆದರ್‌ಲ್ಯಾಂಡ್ಸ್‌ನಿಂದ ಬಂದ ಲಕೋಟೆಯನ್ನು ಪೋಸ್ಟ್‌ಮ್ಯಾನ್ ಎರಡೆರಡು ಸಲ ತಿರುಗಿಸಿ ನೋಡಿ ಕೊಟ್ಟಿದ್ದರು. ಲಿನಕ್ಸ್ ಹಾಕಿದ್ದು ಸಿದ್ಧಾಂತಕ್ಕಲ್ಲ, ಕನ್ನಡಕ್ಕೆ. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡ ಬರೀ ಚೌಕ ಚೌಕ. ಎಕ್ಸ್‌ಪಿ ಕೊಳ್ಳಲು ದುಡ್ಡಿಲ್ಲ, ಕದ್ದ ಪ್ರತಿ ಬೇಡ. ಉಬುಂಟುವಿನಲ್ಲಿ ಕೇದಗೆ, ಮಲ್ಲಿಗೆ ಫಾಂಟ್ ಹಾಕಿದರೆ ಒತ್ತಕ್ಷರ ಸಮೇತ ಕನ್ನಡ ಕಾಣುತ್ತಿತ್ತು.

ಇನ್ನು ಬ್ರಾಡ್‌ಬ್ಯಾಂಡ್. 2004ರ ಅಕ್ಟೋಬರಿನಲ್ಲಿ ಬಂದ ಕೇಂದ್ರ ಸರಕಾರದ ನೀತಿಯಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತ ನಿಗದಿಯಾಯಿತು (ಈಗ ಓದಿದರೆ ನಗು ಬರುತ್ತೆ). 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುವಾಯಿತು. ಇದರ ಜಾಣತನವೆಂದರೆ ಹೊಸ ತಂತಿ ಬೇಕಿಲ್ಲ. ಫೋನಿನ ತಾಮ್ರದ ತಂತಿಯಲ್ಲಿ ನಮ್ಮ ಮಾತು 4 ಕಿಲೋಹರ್ಟ್ಸ್ ಒಳಗೆ ಮುಗಿಯುತ್ತದೆ. ಅದರ ಮೇಲೆ ಖಾಲಿ ಬಿದ್ದಿದ್ದ ಜಾಗದಲ್ಲಿ, 1.1 ಮೆಗಾಹರ್ಟ್ಸ್‌ವರೆಗೆ, ದತ್ತಾಂಶ ಹರಿಸುವುದು. ತೊಂದರೆ ದೂರದ್ದು. ಎಕ್ಸ್‌ಚೇಂಜಿನಿಂದ ಐದಾರು ಕಿಲೋಮೀಟರ್ ದಾಟಿದರೆ ಸಂಕೇತ ಸತ್ತೇಹೋಗುತ್ತದೆ. ನಮ್ಮ ಮನೆ ಪೇಟೆಯೊಳಗೆ, ಸಿಕ್ಕಿತು. ವಾಣಿವಿಲಾಸ ಸಾಗರದ ಕಡೆಗಿರುವ ದೊಡ್ಡಪ್ಪನ ತೋಟದ ಮನೆಯಲ್ಲಿ ಫೋನಿದ್ದರೂ ಇದು ಸಿಗುವಂತಿರಲಿಲ್ಲ.

ಮೋಡೆಮ್ ಜೋಡಿಸಲು ಬಂದ ಹುಡುಗ ಒಳ್ಳೆಯವನು. ಪರದೆ ನೋಡಿದವನೇ, "ಸಾರ್, ಸ್ಟಾರ್ಟ್ ಬಟನ್ ಎಲ್ಲಿ?" ಅಂದ. ಅವನ ಕೈಲಿದ್ದ ಸೀಡಿ ವಿಂಡೋಸ್‌ಗೆ ಮಾತ್ರ. ತಾನು ಇದನ್ನು ನೋಡಿಯೇ ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳಿ, ಕಾಫಿ ಕುಡಿದು, ಯೂಸರ್‌ನೇಮ್ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು, "ಯಾವುದಾದ್ರೂ ವಿಂಡೋಸ್ ಹಾಕ್ಸಿ ಸಾರ್" ಅಂದು ಹೋದ. ಅಪ್ಪ ಮಂಚದಿಂದಲೇ ನನ್ನ ಮುಖ ನೋಡಿದರು.

ಮೋಡೆಮ್‌ನಲ್ಲಿ ಎರಡು ಕಿಂಡಿ, ಯುಎಸ್‌ಬಿ ಮತ್ತು ಈಥರ್ನೆಟ್. ಯುಎಸ್‌ಬಿಗೆ ಆ ಮೋಡೆಮ್‌ನದೇ ಡ್ರೈವರ್ ಬೇಕು, ಅಂದರೆ ಮತ್ತೆ ವಿನ್‌ಮೋಡೆಮ್ ಕಥೆ. ಈಥರ್ನೆಟ್ ಹಾಗಲ್ಲ, ಅದು ಎಲ್ಲರಿಗೂ ಸೇರಿದ ಭಾಷೆ. ಮರುದಿನ ಚಿತ್ರದುರ್ಗಕ್ಕೆ ಹೋಗಿ ರಿಯಲ್‌ಟೆಕ್ 8139 ಕಾರ್ಡು ಎರಡು ತಂದೆ. ಉಬುಂಟು ಕೇಳದೆಯೇ ಗುರುತಿಸಿತು. ಟರ್ಮಿನಲ್‌ನಲ್ಲಿ ಪಿಪಿಪಿಒಇಕಾನ್ಫ್ ಅಂತ ಕೊಟ್ಟರೆ ನೀಲಿ ಪರದೆಯಲ್ಲಿ ಒಂದೊಂದೇ ಪ್ರಶ್ನೆ. ಚೀಟಿಯಲ್ಲಿದ್ದದ್ದನ್ನು ತುಂಬಿದೆ. ಆಗಲಿಲ್ಲ. ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು, ಮೋಡೆಮ್‌ನ ಪುಟದಲ್ಲಿ ಏನೇನೋ ಒತ್ತಿ 0/35 ಇರಬೇಕಾದಲ್ಲಿ 0/32 ಮಾಡಿಟ್ಟವನು ನಾನೇ! ಸರಿಪಡಿಸಿದ ತಕ್ಷಣ ನೆಟ್ ಬಂತು.

ಇಲ್ಲಿ ನಡೆದದ್ದಿಷ್ಟು. ಹಳೆಯ ಡಯಲ್‌ಅಪ್‌ನಂತೆ ಹೆಸರು, ಗುಪ್ತಪದ, ಲೆಕ್ಕ ಎಲ್ಲ ಈಥರ್ನೆಟ್ ಮೇಲೂ ಇರಲಿ ಅಂತ ಮಾಡಿದ ಒಪ್ಪಂದ ಪಿಪಿಪಿಒಇ. 1999ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 2516 ಅಂತ ಬಹಿರಂಗವಾಗಿ ಪ್ರಕಟವಾಯಿತು. ಗಣಕ ಮೊದಲು "ಯಾರಿದ್ದೀರಪ್ಪಾ?" ಅಂತ ಕೂಗುತ್ತದೆ, ಆ ಕಡೆಯ ಯಂತ್ರ "ನಾನಿದ್ದೀನಿ" ಅನ್ನುತ್ತದೆ. ಕೂಗಿದ್ದು ಯಾವ ಕಂಪನಿಯ ತಂತ್ರಾಂಶ ಅಂತ ಅದು ಕೇಳುವುದಿಲ್ಲ. ಕೆನಡಾದ ಡೇವಿಡ್ ಸ್ಕೋಲ್ ಲಿನಕ್ಸ್‌ಗೆ ಇದನ್ನು ಬರೆದಾಗ ಎಕ್ಸ್‌ಪಿ ಇನ್ನೂ ಹುಟ್ಟಿರಲಿಲ್ಲ. ವಿಂಡೋಸ್ 98ರಲ್ಲಂತೂ ಇದು ಇರಲೇ ಇಲ್ಲ, ಬೇರೆಯವರ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ಡಯಲ್‌ಅಪ್‌ನಲ್ಲಿ ಲಿನಕ್ಸಿಗೆ ಮುಚ್ಚಿದ್ದ ಬಾಗಿಲನ್ನು ಬ್ರಾಡ್‌ಬ್ಯಾಂಡ್ ತೆರೆದಿತ್ತು, ಅದನ್ನು ಯಾರೂ ನಮಗೆ ಹೇಳಿರಲಿಲ್ಲ ಅಷ್ಟೆ.

ಎರಡನೇ ಕಾರ್ಡಿನಿಂದ ಕ್ರಾಸ್‌ಓವರ್ ಕೇಬಲ್ ಎಳೆದು ತಂಗಿಯ ಗಣಕಕ್ಕೂ ನೆಟ್ ಹಂಚಿದೆ. ಬೆಂಬಲವಿಲ್ಲದ ಲಿನಕ್ಸ್, ಅದೇ ಜುಲೈನಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟಿದ್ದ ವಿಂಡೋಸ್ 98ಕ್ಕೆ ದಾರಿ ತೋರಿಸಿತು! ಆದರೆ ಅವಳ ಮೇಲ್‌ನಲ್ಲಿ ಲಾಗಿನ್ ಪುಟ ಬರುತ್ತಿತ್ತು, ಒಳಗೆ ಹೋದರೆ ಬಿಳಿ ಹಾಳೆ. ನನ್ನದರಲ್ಲಿ ಎಲ್ಲ ಸರಿ. ಕಾರಣ ಎಂಟು ಬೈಟು. ಈಥರ್ನೆಟ್ ಪೊಟ್ಟಣ 1500 ಬೈಟು, ಅದರಲ್ಲಿ ಪಿಪಿಪಿಒಇ 8 ತಿಂದು 1492 ಉಳಿಸುತ್ತದೆ. ನನ್ನ ಗಣಕಕ್ಕೆ ಅದು ಗೊತ್ತು, ಅವಳದಕ್ಕೆ ಗೊತ್ತಿಲ್ಲ. ಅವಳಿಗಾಗಿ ಹೊರಟ ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. 1452ಕ್ಕೆ ಮಿತಿ ಹಾಕಲೇ ಅಂತ ಆ ನೀಲಿ ಪರದೆ ಮೊದಲೇ ಕೇಳಿತ್ತು, ಅರ್ಥವಾಗದೆ ನಾನು "ಬೇಡ" ಅಂದಿದ್ದೆ. ಮತ್ತೆ ಓಡಿಸಿ "ಹೂಂ" ಅಂದೆ. ದಾವಣಗೆರೆಯ ಪ್ರೆಸ್ಸಿನಿಂದ ಬಂದಿದ್ದ ತಿದ್ದುಪಡಿ ಆ ರಾತ್ರಿ ತೆರೆದುಕೊಂಡಿತು.

ಅಂದಹಾಗೆ, ನಮ್ಮದು ತಿಂಗಳಿಗೆ 500 ರೂಪಾಯಿಯ ಪ್ಲಾನು, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕವಿಲ್ಲ. 256ರ ವೇಗದಲ್ಲಿ ಆ ಆರು ಗಂಟೆ ಒಂದು ಕ್ಷಣವೂ ನಿಲ್ಲದೆ ಇಳಿಸಿದರೆ ಸುಮಾರು 690 ಎಂಬಿ. ಉಬುಂಟು ಸೀಡಿ ಅದಕ್ಕಿಂತ ಚೂರೇ ಚೂರು ಜಾಸ್ತಿ. ಮೇಲೆ ಕರೆಂಟು ಬೇರೆ ಹೋಗುತ್ತಿತ್ತು. ಅಲಾರಂ ಇಟ್ಟು ಎದ್ದವನಿಗೆ ಅಪ್ಪನ ಎರಡು ಗಂಟೆಯ ಮಾತ್ರೆ ಮರೆಯಲಿಲ್ಲ ಅನ್ನುವುದೊಂದು ಲಾಭ.

ಕಳೆದ ವರ್ಷ ಮನೆಗೆ ಫೈಬರ್ ಬಂತು, ತಾಮ್ರದ ತಂತಿ ಕತ್ತರಿಸಿದೆವು. ಜೋಡಿಸಲು ಬಂದ ಹುಡುಗ ಗಣಕವನ್ನು ನೋಡಲೂ ಇಲ್ಲ, ರೌಟರ್‌ನ ಪುಟ ತೆಗೆದು ಯೂಸರ್‌ನೇಮ್ ಪಾಸ್‌ವರ್ಡ್ ಟೈಪ್ ಮಾಡಿದ. ಇಣುಕಿ ನೋಡಿದೆ. ಪಿಪಿಪಿಒಇ, ಕೆಳಗೆ 1492.