ಚಂಡೀಗಢದ ಕುರ್ಚಿಗಳು

ಇತಿಹಾಸವೆಂದೊಡನೆ ಕನ್ನಡಿಗರಾದ ನಮ್ಮ ಮನಸ್ಸು ಹಂಪೆಯ ಕಲ್ಲಿನ ರಥಕ್ಕೂ ಬಾದಾಮಿಯ ಗುಹೆಗಳಿಗೂ ಓಡುವುದು ಸಹಜ. ಆದರೆ ಕಲ್ಲಿಗೆ ಇತಿಹಾಸವಿರುವಂತೆ ಮರಕ್ಕೂ ಉಂಟು. ಅರಸನ ಸಿಂಹಾಸನಕ್ಕೆ ಇರುವಂತೆ ಗುಮಾಸ್ತನ ಕುರ್ಚಿಗೂ ಉಂಟು. ದಿನವಿಡೀ ಕುರ್ಚಿಯ ಮೇಲೆಯೇ ಕುಳಿತು ಜೀವನ ಸಾಗಿಸುವ ವೃತ್ತಿಯವರಾದ ನಾವು, ದೆಹಲಿಗೆ ಸಮೀಪದ ಊರೊಂದರ ಕುರ್ಚಿಗಳ ಕಥೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಗುಜರಿಯ ಪಾಲಾದ ಆ ಕುರ್ಚಿಗಳು ಸಮುದ್ರ ದಾಟಿ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾದುವು.

1947ರ ದೇಶವಿಭಜನೆಯಲ್ಲಿ ಲಾಹೋರು ಪಾಕಿಸ್ತಾನಕ್ಕೆ ಸೇರಿತು. ಭಾರತದ ಪಾಲಿಗೆ ಬಂದ ಪಂಜಾಬಕ್ಕೆ ರಾಜಧಾನಿಯೇ ಇಲ್ಲದಂತಾಯಿತು. ಹೊಸ ನಗರದ ಮೊದಲ ನಕ್ಷೆಯನ್ನು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಕಿ ತಯಾರಿಸಿದರು. 1950ರಲ್ಲಿ ನೊವಿಕಿ ವಿಮಾನಾಪಘಾತದಲ್ಲಿ ತೀರಿಕೊಂಡ ಬಳಿಕ ಹೊಣೆಯು ಫ್ರಾನ್ಸಿನ ಲ ಕಾರ್ಬೂಸಿಯೆ ಅವರಿಗೆ ಬಂದಿತು. ಅವರೊಡನೆ ದಾಯಾದಿ ಸೋದರ ಪಿಯೆರ್ ಜಾನರೆ, ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿಗಳು ಕೈಗೂಡಿಸಿದರು. 1953ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಚಂಡೀಗಢವನ್ನು ಉದ್ಘಾಟಿಸಿದರು. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನಮ್ಮ ವಿಧಾನಸೌಧವೂ ಮೇಲೇಳುತ್ತಿದ್ದುದನ್ನು ಇಲ್ಲಿ ನೆನೆಯಬೇಕು. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಆ ಸೌಧ, ಕೆಂಗಲ್ ಹನುಮಂತಯ್ಯನವರ ಛಲದಿಂದ ದ್ರಾವಿಡ ಶೈಲಿಯ ಕಲ್ಲಿನಲ್ಲಿ 1956ರ ಹೊತ್ತಿಗೆ ಸಿದ್ಧವಾಯಿತು. ಹಳೆಯದರ ಗೌರವವನ್ನು ಹೊತ್ತು ನಿಂತುದು ಒಂದು. ಹಳೆಯದರ ಹಂಗೇ ಬೇಡವೆಂದು ಹೊರಟುದು ಇನ್ನೊಂದು. ಎರಡಕ್ಕೂ ಒಬ್ಬರೇ ಪ್ರಧಾನಿಯ ಆಶೀರ್ವಾದವಿದ್ದಿತು.

ಕಾರ್ಬೂಸಿಯೆ ಅವರು ಆಗಾಗ ಬಂದು ಹೋಗುತ್ತಿದ್ದರು. ಊರಿನಲ್ಲಿಯೇ ನೆಲೆಸಿ, ಬಿಸಿಲು ಮಳೆಗಳಲ್ಲಿ ನಿಂತು ಕೆಲಸ ಮಾಡಿಸಿದವರು ಜಾನರೆ. ಕಟ್ಟಡಗಳೇನೋ ಎದ್ದುವು, ಒಳಗೆ ಕೂಡುವುದೆಲ್ಲಿ? ಸಚಿವಾಲಯ, ಉಚ್ಚ ನ್ಯಾಯಾಲಯ, ವಿಶ್ವವಿದ್ಯಾಲಯ, ಗ್ರಂಥಾಲಯ, ನೌಕರರ ವಸತಿಗಳು ಇವೆಲ್ಲಕ್ಕೂ ಸಹಸ್ರಾರು ಕುರ್ಚಿ ಮೇಜುಗಳು ಬೇಕಾದುವು. ಜಾನರೆ ಮತ್ತು ಅವರೊಡನಿದ್ದ ಊರ್ಮಿಳಾ ಯೂಲೀ ಚೌಧರಿಯವರಂತಹ ಭಾರತೀಯ ವಾಸ್ತುಶಿಲ್ಪಿಗಳು ಇವುಗಳ ನಕ್ಷೆ ಬರೆದರು. ತೇಗ ಮತ್ತು ಶೀಶಂ ಮರ, ಕೂಡಲು ಒರಗಲು ಹೆಣೆದ ಬೆತ್ತ, ಜ್ಯಾಮಿತಿಯ ಕೈವಾರವನ್ನು ಬಿಡಿಸಿಟ್ಟಂತೆ ಕಾಣುವ ಓರೆ ಕಾಲುಗಳು: ಇಷ್ಟೇ ಅದರ ವೈಭವ. ತೇಗಕ್ಕೆ ಗೆದ್ದಲಿನ ಭಯವಿಲ್ಲ. ಬೆತ್ತದ ಹೆಣಿಗೆಯಲ್ಲಿ ಗಾಳಿಯಾಡುವುದರಿಂದ ಉತ್ತರದ ಬೇಸಗೆಯಲ್ಲಿ ಬೆನ್ನು ಬೆವರದು. ಒಂದೇ ಕಾರ್ಖಾನೆಯಲ್ಲದೆ ಹಲವು ಬಡಗಿಗಳ ಕಾರ್ಯಾಗಾರಗಳಲ್ಲಿ ಇವು ತಯಾರಾದುದರಿಂದ, ಒಂದರಂತೆ ಇನ್ನೊಂದು ತೋರಿದರೂ ಅಳತೆಯಲ್ಲಿ ಕೊಂಚ ವ್ಯತ್ಯಾಸವುಂಟು. ಯಾವ ಇಲಾಖೆಯದೆಂದು ತಿಳಿಯಲು ಹಿಂಬದಿಗೆ ಅಕ್ಷರ, ಅಂಕಿಗಳನ್ನು ಬಣ್ಣದಲ್ಲಿ ಒತ್ತಿದ್ದರು. ಆ ಬಡಗಿಗಳ ಹೆಸರನ್ನು ಮಾತ್ರ ಕುರ್ಚಿಗಳ ಮೇಲೆ ಯಾರೂ ಬರೆಯಲಿಲ್ಲ.

ಜಾನರೆ 1965ರಲ್ಲಿ ಚಂಡೀಗಢವನ್ನು ಬಿಟ್ಟರು. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಸರೋವರದಲ್ಲಿ ವಿಸರ್ಜಿಸಲಾಯಿತು. ಪರದೇಶದವನೊಬ್ಬ ತನ್ನ ಬೂದಿಯನ್ನೂ ಈ ಮಣ್ಣಿಗೆ ಕೊಡಬಯಸಿದನೆಂದರೆ, ಆತನಿಗೆ ಈ ಊರು ಬರಿಯ ಕಂತ್ರಾಟಿನ ಕೆಲಸವಾಗಿರಲಿಲ್ಲವೆಂಬುದು ಸ್ಪಷ್ಟ.

ಮುಂದಿನದು ನಮ್ಮಂಥ ಲೆಕ್ಕದವರ ಕಥೆ. ಕಚೇರಿಯ ಪೀಠೋಪಕರಣಗಳಿಗೆ ವರ್ಷಾವರ್ಷ ಸವಕಳಿ ಹಾಕುವುದು ಲೆಕ್ಕಶಾಸ್ತ್ರದ ನಿಯಮ. ಉಳಿದ ಬೆಲೆಯ ಮೇಲೆ ನೂರಕ್ಕೆ 10ರಂತೆ ಕಳೆಯುತ್ತ ಹೋದರೆ, 1,000 ರೂಪಾಯಿಯ ಮೇಜು 10 ವರ್ಷಕ್ಕೆ ಸುಮಾರು 349 ರೂಪಾಯಿಗೆ ಇಳಿಯುತ್ತದೆ. 50 ವರ್ಷಕ್ಕೆ ಉಳಿಯುವುದು ಸುಮಾರು 5 ರೂಪಾಯಿ. ಪುಸ್ತಕದಲ್ಲಿ 5 ರೂಪಾಯಿಯಾದುದು ಗುಮಾಸ್ತನ ಕಣ್ಣಿಗೂ ಹಾಗೆಯೇ ಕಾಣುವುದು. ಬೆತ್ತ ಹರಿಯಿತು, ಕಾಲು ಅಲುಗಿತು, ಉಕ್ಕಿನ ಹೊಸ ಕುರ್ಚಿಗಳು ಬಂದುವು. ಹಳೆಯವು ಮಾಳಿಗೆಯ ಮೇಲೂ ಹಿತ್ತಿಲಿನಲ್ಲಿಯೂ ಗುಡ್ಡೆಗುಡ್ಡೆಯಾಗಿ ಬಿದ್ದುವು. ನಿರುಪಯುಕ್ತವೆಂದು ಬರೆದು, ಮೇಲಧಿಕಾರಿಯ ಸಹಿ ಪಡೆದು, ಹರಾಜು ಕೂಗಿ ಜಾಗ ತೆರವು ಮಾಡಿದರು. ನಿಯಮಕ್ಕೆ ಎಲ್ಲಿಯೂ ಭಂಗವಾಗಲಿಲ್ಲ. ಇದೇ ಇದರ ದುರಂತ.

ಆ ಹರಾಜುಗಳಲ್ಲಿ ಕಟ್ಟಿಗೆಯ ವ್ಯಾಪಾರಿಗಳ ನಡುವೆ ಪರದೇಶದ ಕೆಲವರೂ ಬಂದು ನಿಂತರು. ಪ್ಯಾರಿಸಿನ ವರ್ತಕರು ಗುಡ್ಡೆಗಳನ್ನೇ ಕೊಂಡು ಹಡಗಿಗೇರಿಸಿದರು. ಮರವನ್ನು ಉಜ್ಜಿ, ಬೆತ್ತವನ್ನು ಹೊಸದಾಗಿ ಹೆಣೆಸಿ, ಅವುಗಳ ಚರಿತ್ರೆಯನ್ನು ಪುಸ್ತಕವಾಗಿ ಅಚ್ಚುಹಾಕಿಸಿ, ಯುರೋಪು ಅಮೆರಿಕಗಳ ಪ್ರಸಿದ್ಧ ಹರಾಜು ಮಂದಿರಗಳಲ್ಲಿ ಇಟ್ಟರು. ಬೆಲೆ ಲಕ್ಷಗಳಿಗೇರಿತು. ಕುರ್ಚಿ ಮಾತ್ರವೇ ಅಲ್ಲ, ನಗರದ ನಕ್ಷೆಯನ್ನೇ ಎರಕ ಹೊಯ್ದಿದ್ದ ಚರಂಡಿಯ ಕಬ್ಬಿಣದ ಮುಚ್ಚಳಗಳೂ ಹಾಗೆಯೇ ಹೊರಗೆ ಹೋದುವು.

ಕಾನೂನು ಏನು ಮಾಡುತ್ತಿತ್ತೆಂದು ವಾಚಕರು ಕೇಳಬಹುದು. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ, ಸಾಮಾನ್ಯವಾಗಿ 100 ವರ್ಷ ತುಂಬಿದ ವಸ್ತುವಿಗಷ್ಟೇ ಪ್ರಾಚೀನತೆಯ ರಕ್ಷಣೆ. 50 ವರ್ಷದ ಕುರ್ಚಿ ಲೆಕ್ಕದ ಪುಸ್ತಕಕ್ಕೆ ತೀರ ಹಳೆಯದು, ಕಾಯಿದೆಗೆ ತೀರ ಹೊಸದು! ಕಡೆಗೆ 2011ರಲ್ಲಿ ಕೇಂದ್ರ ಗೃಹಸಚಿವಾಲಯವು ಈ ವಸ್ತುಗಳ ಮಾರಾಟವನ್ನು ತಡೆಯಲು ಆಜ್ಞೆ ಮಾಡಿತು. ಬಳಿಕ ಉಳಿದವುಗಳನ್ನು ಎಣಿಸಿದಾಗ 12,793 ವಸ್ತುಗಳು ಪರಂಪರೆಯ ಪಟ್ಟಿಗೆ ಸೇರಿದುವು. 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಕಟ್ಟಡಕ್ಕೆ ಮಾನ್ಯತೆ ಬರುವಷ್ಟರಲ್ಲಿ ಒಳಗಿನ ಎಷ್ಟೋ ಕುರ್ಚಿಗಳು ಪರರ ದಿವಾನಖಾನೆ ಸೇರಿದ್ದುವು.

ಈಗ ಹಳೆಯ ಮನೆಗಳ ಸಾಮಾನು ವಿಲೇವಾರಿಯಾಗುವಲ್ಲಿ ಈ ಕಾಲದ ಪೀಠೋಪಕರಣಗಳನ್ನು ಹುಡುಕುವವರು ನಮ್ಮಲ್ಲಿಯೂ ಹುಟ್ಟಿಕೊಂಡಿದ್ದಾರೆ. ದೆಹಲಿಯ ಅಮರ್ ಕಾಲೋನಿಯ ಅಂಗಡಿಸಾಲು, ಮುಂಬಯಿಯ ಚೋರ್ ಬಜಾರು ಇಂಥವರಿಗೆ ತೀರ್ಥಕ್ಷೇತ್ರಗಳು. ನಕಲುಗಳೂ ಹೇರಳ. ನೋಡಬಲ್ಲವರು ಕುರ್ಚಿಯನ್ನು ಮೊದಲು ಬೋರಲು ಹಾಕುತ್ತಾರೆ. ಕೈ ತಾಗುವಲ್ಲಿ ಮರ ನಯವಾಗಿ ಸವೆದು, ತಾಗದಲ್ಲಿ ಒರಟಾಗಿಯೇ ಉಳಿದಿದ್ದರೆ ಅದು ವಯಸ್ಸಿನ ಸಹಜ ಗುರುತು. ಎಲ್ಲೆಡೆ ಒಂದೇ ಸಮನೆ ಸವೆದಿದ್ದರೆ ಸಂಶಯ ಪಡಬೇಕು. ಬಣ್ಣದ ಅಂಕಿಯನ್ನು ಯಾರಾದರೂ ಬರೆದಾರು. ನಾಲ್ವತ್ತು ವರ್ಷ ಕುಳಿತೆದ್ದ ಗುಮಾಸ್ತನ ಮೊಳಕೈಯ ಸವೆತವನ್ನು ಬರೆಯುವುದು ಸುಲಭವಲ್ಲ.

ಪರದೇಶದ ವರ್ತಕರನ್ನು ಬಯ್ಯುವುದು ಸುಲಭ. ಅವರು ಲಾಭಕ್ಕಾಗಿಯೇ ಬಂದವರು ಎಂಬುದೂ ದಿಟ. ಆದರೆ ಅವರು ಕಳವು ಮಾಡಲಿಲ್ಲ. ನಾವು ಮಾರಿದೆವು, ಅವರು ಕೊಂಡರು. ಈ ಮಾತನ್ನು ಬರೆಯುವಾಗ ನಮ್ಮ ಲೇಖನಿ ತುಸು ತಡೆಯುತ್ತದೆ. ಏಕೆಂದರೆ ಇಂತಹ ಹರಾಜೊಂದನ್ನು ನಾವೂ ನಡೆಸಿದ್ದೇವೆ.

ತಂದೆಯವರು ತೀರಿಕೊಂಡ ಮರುವರ್ಷ ಧಾರವಾಡದ ಮನೆಯನ್ನು ತೆರವು ಮಾಡಬೇಕಾಯಿತು. ಹತ್ತು ದಿನಗಳ ರಜೆ. ಎಂಟನೆಯ ದಿನಕ್ಕೆ ಗುಜರಿಯವನು ಬಂದ. ತಂದೆಯವರ ಆರಾಮ ಕುರ್ಚಿ ಪಡಸಾಲೆಯಲ್ಲಿ ಉಳಿದಿತ್ತು. ಅಜ್ಜನವರು ಊರ ಬಡಿಗೇರರಿಂದ ಮಾಡಿಸಿದ್ದು. ಬೆತ್ತ ನಡುವೆ ಹರಿದಿತ್ತು. ನಾವು ಅದರ ಮೇಲೆ ಕೈಯಿಟ್ಟು ನಿಂತುದನ್ನು ಕಂಡು ಅಣ್ಣನವರು, "ದಿಲ್ಲೀ ಮನ್ಯಾಗ ಇದನ್ನ ಎಲ್ಲಿ ಇಡ್ತೀಯೋ ತಮ್ಮಾ? ಎರಡು ಖೋಲಿ ಮನಿ ನಿಂದು" ಎಂದರು. ಮಾತು ನಿಜವೇ ಆಗಿತ್ತು. "ಹೂಂ ಅಣ್ಣಾ, ಕೊಟ್ಟುಬಿಡೋಣು" ಎಂದೆವು. ಗುಜರಿಯವನು ಅದನ್ನು ತೂಕಕ್ಕೆ ಹಾಕಿದ. ಎಷ್ಟು ಬಂದಿತೆಂಬುದು ನೆನಪಿಲ್ಲ. ತಕ್ಕಡಿಯ ಮೇಲೆ ಅದು ಒರಗಿ ನಿಂತ ರೀತಿ ನೆನಪಿದೆ. ಜಾನರೆಯ ನಕ್ಷೆಯಲ್ಲ ಅದು, ಪ್ಯಾರಿಸಿನವರಾರೂ ಕೊಳ್ಳುತ್ತಿರಲಿಲ್ಲ. ಆದರೆ ಅದರ ಬಲಗೈಯ ಮೇಲೆ ತಂದೆಯವರ ಚಹದ ಬಟ್ಟಲಿನ ದುಂಡು ಕಲೆಯೊಂದಿತ್ತು. ಅದನ್ನು ಯಾವ ಸವಕಳಿಯ ಲೆಕ್ಕದಲ್ಲಿ ಕಳೆಯಬೇಕೆಂಬುದನ್ನು ನಮಗೆ ಬಿ.ಕಾಂ.ನಲ್ಲಿ ಯಾರೂ ಕಲಿಸಲಿಲ್ಲ.

ಹೊರನಾಡಿನಲ್ಲಿರುವ ನಮ್ಮ ಬಹುತೇಕ ಮನೆತನಗಳಿಗೆ ಈ ದಿನ ಒಂದಿಲ್ಲೊಂದು ಸಲ ಬಂದೇ ಬರುತ್ತದೆ. ಎಲ್ಲವನ್ನೂ ಹೊತ್ತು ತರುವುದು ಅಸಾಧ್ಯ. ತರಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ತೂಕಕ್ಕೆ ಹಾಕುವ ಮುನ್ನ ಒಂದು ಪಟ್ಟಿಯನ್ನಾದರೂ ಬರೆದಿಡೋಣ: ಯಾವ ಮರ, ಮಾಡಿದ ಬಡಿಗೇರರ ಹೆಸರು, ಯಾವ ವರ್ಷ, ಕುಳಿತವರು ಯಾರು. ಒಂದು ಛಾಯಾಚಿತ್ರ ತೆಗೆದಿಡೋಣ. ಒಂದೇ ಒಂದು ಮಣೆಯಾದರೂ ಸರಿ, ಹಿಡಿಸುವುದನ್ನು ತರೋಣ. ಚಂಡೀಗಢದವರು ತಮ್ಮ ಪಟ್ಟಿಯನ್ನು ಮಾರಾಟವಾದ ಮೇಲೆ ಬರೆದರು. ರಾಜ್ಯೋತ್ಸವದಂದು ನಾಡಿನ ಗತವೈಭವವನ್ನು ಕೊಂಡಾಡುವ ನಾವು, ಮನೆಯ ಪಡಸಾಲೆಯ ಪಟ್ಟಿಯನ್ನು ಮಾರುವ ಮೊದಲೇ ಬರೆದರೆ, ನಮ್ಮ ಮಕ್ಕಳು ತಮ್ಮ ಊರು ಯಾವುದೆಂದು ಕೇಳಿದಾಗ ಓದಿ ಹೇಳುವುದಕ್ಕೆ ಏನಾದರೂ ಉಳಿದೀತು.